ಲ್ಯಾನ್ಸರ್ ಎವಲ್ಯೂಷನ್: ಅಣ್ಣನೋ, ತಮ್ಮನೋ?

ಬೆಂಗಳೂರಿನಿಂದ ಮಂಗಳೂರಿಗೆ ಬರುವ ಹೆದ್ದಾರಿಯು ಸಕಲೇಶಪುರವನ್ನು ದಾಟಿ, ಶಿರಾಡಿ ಘಟ್ಟವನ್ನಿಳಿದು, ಉಸಿರು ಬಿಟ್ಟು ನಿಲ್ಲುವ ಠಾವು ಗುಂಡ್ಯ. ಇಲ್ಲಿಂದ ಒಂದು ದಾರಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಒಡೆಯುತ್ತದೆ; ಮತ್ತೊಂದು ನೆಲ್ಯಾಡಿ, ಉಪ್ಪಿನಂಗಡಿಗಳ ಕಡೆಗೆ ಸಾಗುತ್ತದೆ. ಘಟ್ಟವನ್ನಿಳಿದ ಬಂಡಿಗಳು ಇಲ್ಲಿ ಬ್ರೇಕಿನ ಬಿಸಿಯನ್ನು ಆರಿಸಿಕೊಳ್ಳುತ್ತವೆ; ಹತ್ತಲಿರುವವರು ಒಂದು ಲೋಟ ಚಹ ಕುಡಿದು ಮುಂದುವರಿಯುತ್ತಾರೆ. ಆದುದರಿಂದ ಮೋಟಾರು ಬಂಡಿಗಳ ಗುಣದೋಷಗಳ ಚರ್ಚೆಯು ನಮ್ಮ ಕಡೆಯಲ್ಲಿ ಅಡಿಕೆಯ ಧಾರಣೆಯ ಚರ್ಚೆಯಷ್ಟೇ ಸಾಮಾನ್ಯವಾದುದು. ಯಾವ ಬಂಡಿ ಮಾರನಹಳ್ಳಿಯವರೆಗೆ ಏದುಸಿರಿಲ್ಲದೆ ಹತ್ತಿತು, ಯಾವುದು ನಡುದಾರಿಯಲ್ಲಿ ಕುದಿದು ನಿಂತಿತು ಎಂಬುದನ್ನು ಇಲ್ಲಿಯ ಮಕ್ಕಳೂ ಬಲ್ಲರು.

ಕಳೆದ ಆಟಿ ತಿಂಗಳಲ್ಲಿ ನಮ್ಮ ಸೋದರಳಿಯನು ಇಂಗ್ಲೆಂಡಿನಿಂದ ಊರಿಗೆ ಬಂದಿದ್ದನು. ಅವನ ತಾಯಿ, ಎಂದರೆ ನಮ್ಮ ತಂಗಿ, ಗುಂಡ್ಯದ ಸಮೀಪದ ತೋಟದ ಮನೆಯಲ್ಲಿರುವಳು. ಒಂದು ಮಧ್ಯಾಹ್ನ, ಮಳೆಯಿಂದ ಹೊರಗೆ ಕಾಲಿಡಲಾಗದೆ ಜಗಲಿಯಲ್ಲಿ ಕುಳಿತಿದ್ದಾಗ, ಅಳಿಯನು ಎರಡು ಕಾರುಗಳ ಚಿತ್ರಗಳನ್ನು ನಮ್ಮೆದುರಿಗೆ ಹಿಡಿದನು. ಎರಡೂ ಜಪಾನಿನ ಮಿಟ್ಸುಬಿಷಿ ಸಂಸ್ಥೆಯ ಲ್ಯಾನ್ಸರ್ ಎವಲ್ಯೂಷನ್‌ಗಳು. ಒಂದು 1999ರ ಆರನೆಯ ಎವಲ್ಯೂಷನ್, ಇನ್ನೊಂದು 2006ರ ಒಂಬತ್ತನೆಯದು. “ಮಾವ, ಬಹುದಿನಗಳಿಂದ ಕೂಡಿಟ್ಟ ಹಣವಿದೆ. ಇವೆರಡರಲ್ಲಿ ಒಂದನ್ನು ಕೊಂಡು ಜೀವಮಾನವೆಲ್ಲ ಇಟ್ಟುಕೊಳ್ಳಬೇಕೆಂದಿದ್ದೇನೆ. ಮುಂದೆ ಊರಿಗೇ ತರುವ ಆಸೆಯೂ ಇದೆ. ಯಾವುದು ಮೇಲು?” ಎಂದು ಕೇಳಿದನು.

ಒಳಗಿನಿಂದ ತಂಗಿಯ ಮಾತು ಬಂದಿತು: “ಅಣ್ಣಾ, ಅಂಗಳದ ಕಡೆಯ ಮಾಡು ಸೋರುತ್ತಿದೆ. ಕೊಟ್ಟಿಗೆಯಲ್ಲಿ ಇವನ ತಂದೆಯ ಹಳೆಯ ಲ್ಯಾನ್ಸರ್ ಟಾರ್ಪಾಲಿನ ಅಡಿಯಲ್ಲಿ ಕೊಳೆಯುತ್ತಿದೆ, ಅದನ್ನೇ ಗುಜರಿಗೆ ಕೊಡುವುದೆಂದಿದ್ದೆ. ಈಗ ಇವನಿಗೆ ಇನ್ನೊಂದು ಹಳೆಯ ಲ್ಯಾನ್ಸರ್ ಬೇಕಂತೆ. ನೀವೇ ಬುದ್ಧಿ ಹೇಳಿ.”

ಬುದ್ಧಿ ಹೇಳುವ ಮೊದಲು ವಿಷಯವನ್ನು ತಿಳಿಯುವುದು ಹಿರಿಯರ ಕರ್ತವ್ಯ. ಆದುದರಿಂದ ನಾವು ಓದಿ, ಕೇಳಿ, ಕೊಟ್ಟಿಗೆಯ ಬಂಡಿಯನ್ನು ಕಣ್ಣಾರೆ ನೋಡಿ ಅರಿತುದನ್ನು ಇಲ್ಲಿ ಬರೆಯುತ್ತಿದ್ದೇವೆ. ಹೊರದೇಶಗಳಲ್ಲಿರುವ ನಮ್ಮವರ ಮಕ್ಕಳಲ್ಲಿ ಇಂತಹ ಆಸೆಯುಳ್ಳವರು ಅನೇಕರಿರುವುದರಿಂದ ಇದು ಒಂದೇ ಮನೆಯ ಮಾತಾಗಲಾರದು.

ತಿದಿಯೂದುವ ಯಂತ್ರ

ಮೊದಲು ಟರ್ಬೊ ಎಂಬ ಮಾತಿನ ಅರ್ಥವನ್ನು ತಿಳಿಯೋಣ. ಕಮ್ಮಾರನು ಕುಲುಮೆಗೆ ತಿದಿಯಿಂದ ಗಾಳಿಯನ್ನೂದುವನಷ್ಟೆ. ಗಾಳಿ ಹೆಚ್ಚಿದಂತೆ ಬೆಂಕಿಯ ಬಲವೂ ಹೆಚ್ಚುವುದು. ಕಾರಿನ ಎಂಜಿನಿನಲ್ಲಿಯೂ ಹಾಗೆಯೇ. ಪೆಟ್ರೋಲು ಉರಿದು ಹೊರಬೀಳುವ ಬಿಸಿಹೊಗೆಯು ಸಾಮಾನ್ಯವಾಗಿ ಕೊಳವೆಯ ಮೂಲಕ ವ್ಯರ್ಥವಾಗಿ ಹೋಗುತ್ತದೆ. ಟರ್ಬೊ ಇರುವ ಬಂಡಿಯಲ್ಲಿ ಅದೇ ಹೊಗೆಯು ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿನೊಳಕ್ಕೆ ನೂಕುತ್ತದೆ. ಒತ್ತಿದ ಗಾಳಿ ಕಾಯುವುದರಿಂದ ಅದನ್ನು ತಣಿಸಲು ಬಂಡಿಯ ಮುಂದುಗಡೆ ಇಂಟರ್‌ಕೂಲರ್ ಎಂಬ ಜಾಲರಿಯುಂಟು. ಹೀಗೆ ಎರಡು ಲೀಟರಿನ ಸಣ್ಣ ಎಂಜಿನು ದೊಡ್ಡ ಎಂಜಿನಿನ ಕೆಲಸವನ್ನು ಮಾಡಬಲ್ಲುದು. ಆದರೆ ತಿದಿಯೂದಿದ ಕುಲುಮೆ ಬೇಗ ಸವೆಯುವಂತೆ ಇಂತಹ ಎಂಜಿನಿಗೂ ಎಣ್ಣೆಯ ವಿಷಯದಲ್ಲಿ, ತಂಪಿನ ವಿಷಯದಲ್ಲಿ ಹೆಚ್ಚಿನ ಆರೈಕೆ ಬೇಕು.

ವಂಶಾವಳಿ

ಲ್ಯಾನ್ಸರ್ ಎಂಬ ಹೆಸರು 1973ರಷ್ಟು ಹಳೆಯದು. ಅದಕ್ಕೆ ಕೀರ್ತಿಯನ್ನು ತಂದವರಲ್ಲಿ ಭಾರತೀಯ ಮೂಲದವರೂ ಒಬ್ಬರೆಂಬುದು ಸಂತೋಷದ ಸಂಗತಿ. ಕೆನ್ಯದಲ್ಲಿ ಹುಟ್ಟಿ ಬೆಳೆದ ಸಿಖ್ ಗೃಹಸ್ಥರಾದ ಜೋಗಿಂದರ್ ಸಿಂಗರು ಪೂರ್ವ ಆಫ್ರಿಕದ ಕಠಿಣವಾದ ಸಫಾರಿ ಓಟವನ್ನು 1974ರಲ್ಲಿಯೂ 1976ರಲ್ಲಿಯೂ ಲ್ಯಾನ್ಸರಿನಲ್ಲಿ ಗೆದ್ದರು.

ಎವಲ್ಯೂಷನ್ ಎಂಬ ಉಪನಾಮದ ಬಂಡಿ ಹುಟ್ಟಿದುದು 1992ರಲ್ಲಿ. ಜಾಗತಿಕ ರ‍್ಯಾಲಿ ಪಂದ್ಯದ ಅಂದಿನ ನಿಯಮದಂತೆ, ಓಟಕ್ಕೆ ತರುವ ಬಂಡಿಯ ಮಾದರಿಯನ್ನು ಸಂಸ್ಥೆಯವರು ಸಾವಿರಗಟ್ಟಲೆ ತಯಾರಿಸಿ ಸಾಮಾನ್ಯ ಜನರಿಗೆ ಮಾರಬೇಕಾಗಿತ್ತು. ಹೀಗೆ ಓಟದ ಬಂಡಿಯೊಂದು ನಾಲ್ಕು ಬಾಗಿಲುಗಳ ಸಂಸಾರದ ಕಾರಿನ ವೇಷದಲ್ಲಿ ಅಂಗಡಿಗೆ ಬಂದಿತು. ಅಂದಿನಿಂದ ಹತ್ತು ಅಂಕೆಗಳ ಎವಲ್ಯೂಷನ್‌ಗಳು ಬಂದುವು. ಆದರೆ ಮೈಗಳು ನಾಲ್ಕೇ. ಒಂದರಿಂದ ಮೂರರವರೆಗೆ ಮೊದಲ ತಲೆಮಾರು; 1996ರಿಂದ ಬಂದ ನಾಲ್ಕು, ಐದು, ಆರು ಎರಡನೆಯದು; 2001ರಿಂದ ಬಂದ ಏಳು, ಎಂಟು, ಒಂಬತ್ತು ಮೂರನೆಯದು; 2007ರ ಹತ್ತನೆಯದು ನಾಲ್ಕನೆಯ ತಲೆಮಾರು. ಹತ್ತನೆಯದರಲ್ಲಿ ಎಂಜಿನೇ ಬೇರೆಯಾಯಿತು. ಹಿಂದಿನವುಗಳ ಬೀಡುಕಬ್ಬಿಣದ ಎಂಜಿನಿನ ಬದಲು ಅಲ್ಯೂಮಿನಿಯಮ್ಮಿನದು ಬಂದಿತು. ಆದ್ದರಿಂದ ಒಂದೇ ಎಂಜಿನಿನ ಒಡಹುಟ್ಟಿದವರಾದ ಎರಡನೆಯ ಮತ್ತು ಮೂರನೆಯ ತಲೆಮಾರುಗಳನ್ನೇ ಸಂಗ್ರಹಕಾರರು ಹೆಚ್ಚಾಗಿ ತೂಗಿ ನೋಡುವುದು. ನಾವು ಮುಂದೆ ಅಣ್ಣ ಎಂದಾಗ ಆರನೆಯದನ್ನೂ, ತಮ್ಮ ಎಂದಾಗ ಒಂಬತ್ತನೆಯದನ್ನೂ ಹೇಳುತ್ತೇವೆಂದು ವಾಚಕರು ತಿಳಿಯಬೇಕು.

ಇವೆರಡರ ಮೈಯೂ ನಮ್ಮ ದೇಶದವರಿಗೆ ಅಪರಿಚಿತವಲ್ಲ. ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆಯವರು 1998ರಲ್ಲಿ ಚೆನ್ನೈಯ ಬಳಿಯ ತಿರುವಳ್ಳೂರಿನಲ್ಲಿ ತಯಾರಿಸಲಾರಂಭಿಸಿದ ಲ್ಯಾನ್ಸರ್ ಅಣ್ಣನ ಮೈಯದೇ. 2006ರಲ್ಲಿ ತಂದ ಸೀಡಿಯಾ ತಮ್ಮನ ಮೈಯದೇ. ಆದರೆ ನಮ್ಮಲ್ಲಿಗೆ ಬಂದ ಆ ಬಂಡಿಗಳಲ್ಲಿ ಟರ್ಬೊ ಎಂಜಿನಿಲ್ಲ, ನಾಲ್ಕು ಚಕ್ರಗಳಿಗೂ ಬಲವನ್ನು ಹಂಚುವ ವ್ಯವಸ್ಥೆಯಿಲ್ಲ. ಸೀಡಿಯಾದ ಎರಡು ಲೀಟರಿನ ಎಂಜಿನಿಗೆ 115 ಅಶ್ವಶಕ್ತಿ, ಎವಲ್ಯೂಷನ್ನಿಗೆ 280. ಆದರೂ ಸೀಡಿಯಾ ನಮ್ಮ ದೇಶದ ರ‍್ಯಾಲಿಗಳಲ್ಲಿ ಬಹುಕಾಲ ಓಡಿತು. ನಮ್ಮ ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಿಗೆ 2013ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಪಂದ್ಯವೇ ಬಂದಿತು. ಆ ವರ್ಷದ ಪ್ರಶಸ್ತಿಯು ಭಾರತದ ಗೌರವ್ ಗಿಲ್ಲರಿಗೆ ದೊರೆಯಿತು. ಅವರು ಓಡಿಸಿದ ಬಂಡಿ ಬೇರೆ ಸಂಸ್ಥೆಯದಾದರೂ, ಮಣ್ಣುದಾರಿಯ ಓಟದ ರುಚಿಯನ್ನು ನಮ್ಮ ತರುಣರಿಗೆ ಹತ್ತಿಸಿದುದು ಇಂತಹ ಪಂದ್ಯಗಳೇ.

ಅಣ್ಣನ ಗುಣ

ಅಣ್ಣನ ದೊಡ್ಡ ಆಸ್ತಿಯೆಂದರೆ ಅವನ ಕೀರ್ತಿ. ಫಿನ್ಲೆಂಡಿನ ಟೊಮಿ ಮೇಕಿನೆನ್ನರು 1996ರಿಂದ 1999ರವರೆಗೆ ಸತತವಾಗಿ 4 ವರ್ಷ ಜಗತ್ತಿನ ರ‍್ಯಾಲಿ ಪ್ರಶಸ್ತಿಯನ್ನು ಲ್ಯಾನ್ಸರಿನಲ್ಲಿಯೇ ಗೆದ್ದರು. ಮೊದಲ ವರ್ಷದ ಗೆಲವು ಮೂರನೆಯ ಎವಲ್ಯೂಷನ್ನಿನದು. ಉಳಿದ ಮೂರೂ ಎರಡನೆಯ ತಲೆಮಾರಿನವು. 1998ರಲ್ಲಿ ತಯಾರಕರ ಪ್ರಶಸ್ತಿಯೂ ಮಿಟ್ಸುಬಿಷಿಗೆ ಬಂದಿತು. ಆ ವೀರನ ಗೌರವಾರ್ಥವಾಗಿ ಆರನೆಯ ಎವಲ್ಯೂಷನ್ನಿನಲ್ಲಿಯೇ ಮೇಕಿನೆನ್ ಹೆಸರಿನ ವಿಶೇಷ ಮಾದರಿಯೊಂದನ್ನು ಹೊರತಂದರು. ಇಂದು ಸಂಗ್ರಹಕಾರರು ಎಲ್ಲಕ್ಕಿಂತ ಹೆಚ್ಚಿನ ಬೆಲೆಯನ್ನು ಕೊಡುವವುಗಳಲ್ಲಿ ಇದು ಒಂದು.

ಎರಡನೆಯದಾಗಿ, ಅಣ್ಣನ ಮೈ ಚಿಕ್ಕದು, ಹಗುರವಾದುದು. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರ 2510 ಮಿಲಿಮೀಟರು. ತೂಕ ಸುಮಾರು 1360 ಕಿಲೋಗ್ರಾಮು. ತಮ್ಮನ ಅಚ್ಚುಗಳ ಅಂತರ 2625 ಮಿಲಿಮೀಟರು. ತೂಕ ಸುಮಾರು 1410. ಕಾಗದದ ಮೇಲೆ ಈ ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಬಿಸಿಲೆ ಘಟ್ಟದಂತಹ ಇಕ್ಕಟ್ಟಿನ ತಿರುವುಗಳಲ್ಲಿ ಗಿಡ್ಡ ಬಂಡಿ ಬೇಗ ತಿರುಗುವುದೆಂಬುದನ್ನು ಜೀಪು ಓಡಿಸಿದ ಯಾರೂ ಬಲ್ಲರು.

ಇದರಲ್ಲಿ ಯಂತ್ರಬುದ್ಧಿಯ ಹಸ್ತಕ್ಷೇಪವೂ ಕಡಮೆ. ಹಿಂಚಕ್ರಗಳೆರಡಕ್ಕೂ ಬೇಕಾದಂತೆ ಬಲವನ್ನು ಹಂಚುವ ಆಕ್ಟಿವ್ ಯಾ ಕಂಟ್ರೋಲ್ ಎಂಬ ಸಾಧನವು ನಾಲ್ಕನೆಯದರಿಂದಲೇ ಬಂದಿದ್ದರೂ, ಮುಂದು ಹಿಂದುಗಳ ನಡುವಣ ಹಂಚಿಕೆಯು ಇನ್ನೂ ಹಳೆಯ ಕ್ರಮದ್ದೇ. ಓಟಗಾರರಿಗಾಗಿಯೇ ಮಾಡಿದ ಆರ್‌ಎಸ್ ಎಂಬ ಬರಿಯ ಮಾದರಿಯು ಮತ್ತೂ ಸರಳವಾದುದು. ಸರಳವಾದುದು ಕೆಡುವುದು ಕಡಮೆ. ಕೆಟ್ಟರೆ ರಿಪೇರಿಯೂ ಸುಲಭ.

ತಮ್ಮನ ಗುಣ

ಜಪಾನಿನ ತಯಾರಕರು ತಮ್ಮತಮ್ಮೊಳಗೆ 280 ಅಶ್ವಶಕ್ತಿಯನ್ನು ಮೀರಿ ಘೋಷಿಸಬಾರದೆಂದು ಒಪ್ಪಿಕೊಂಡಿದ್ದರು. ಆ ಒಪ್ಪಂದ ಮುರಿದುದು 2004ರಲ್ಲಿ. ಆದುದರಿಂದ ಜಪಾನಿನ ಪಟ್ಟಿಯಲ್ಲಿ ಅಣ್ಣನದೂ 280, ತಮ್ಮನದೂ 280. ಈ ಅಂಕೆಯನ್ನು ನೋಡಿ ಎರಡೂ ಸಮವೆಂದು ತಿಳಿದರೆ ಮೋಸಹೋಗುವೆವು. ಟಾರ್ಕ್ ಎಂದು ಕರೆಯುವ ತಿರುಗುಬಲವನ್ನು ನೋಡಬೇಕು. ಘಟ್ಟವನ್ನು ಹತ್ತಿಸುವುದು ಅದೇ. ಅಣ್ಣನದು 373 ನ್ಯೂಟನ್-ಮೀಟರು, ತಮ್ಮನದು 400. ಒಂಬತ್ತನೆಯದರಲ್ಲಿ ಎಂಜಿನಿನೊಳಕ್ಕೆ ಗಾಳಿಯನ್ನು ಬಿಡುವ ಕವಾಟಗಳ ವೇಳೆಯನ್ನು ವೇಗಕ್ಕೆ ತಕ್ಕಂತೆ ಬದಲಿಸುವ ಮೈವೆಕ್ ಎಂಬ ವ್ಯವಸ್ಥೆಯನ್ನು ಮೊದಲಬಾರಿಗೆ ಈ ಎಂಜಿನಿಗೆ ಕೂಡಿಸಿದರು. ಇದರಿಂದ ಟರ್ಬೊ ಬೇಗ ಎಚ್ಚರಗೊಳ್ಳುತ್ತದೆ. ಅಣ್ಣನಲ್ಲಿ ಕಾಲೊತ್ತಿ ಒಂದು ಕ್ಷಣ ಕಾಯಬೇಕು. ತಮ್ಮನಲ್ಲಿ ಆ ಕಾಯುವಿಕೆ ಕಡಮೆ.

ಏಳನೆಯದರಿಂದ ನಡುವಣ ಡಿಫರೆನ್ಷಿಯಲ್ಲಿಗೂ ಯಂತ್ರಬುದ್ಧಿ ಬಂದಿತು. ಡಾಮರಿನ ದಾರಿ, ಜಲ್ಲಿಯ ದಾರಿ, ಹಿಮದ ದಾರಿ ಎಂದು ಮೂರು ಸ್ಥಿತಿಗಳನ್ನು ಸಾರಥಿಯು ಒಂದು ಗುಂಡಿಯಿಂದ ಆರಿಸಿಕೊಳ್ಳಬಹುದು. ನುರಿತವನಲ್ಲದವನನ್ನೂ ಮಳೆಯ ತಿರುವಿನಲ್ಲಿ ಇದು ಕಾಪಾಡುತ್ತದೆ. ಮೈಯ ಗಟ್ಟಿತನ ಹೆಚ್ಚಿದೆ. ಹಿಂದಿನ ಆಸನದಲ್ಲಿ ತಾಯಿಯನ್ನು ಕೂರಿಸಿಕೊಂಡು ದೂರಕ್ಕೆ ಹೋಗಲು ಸ್ಥಳವಿದೆ. ಒಂಬತ್ತನೆಯದರ ಮೇಲ್ಛಾವಣಿ ಅಲ್ಯೂಮಿನಿಯಮ್ಮಿನದು. ಇದರಿಂದ ಮೇಲುಭಾರ ತಗ್ಗಿದೆ.

ಕೊರತೆಗಳೂ ಉಂಟು. ತಮ್ಮನ ಮೈಯಲ್ಲಿ ಮಾಡಿದ ಓಟದ ಬಂಡಿಯು ಜಾಗತಿಕ ರ‍್ಯಾಲಿ ಪಂದ್ಯದ ಅತ್ಯುನ್ನತ ವರ್ಗದಲ್ಲಿ ಒಂದು ಓಟವನ್ನೂ ಗೆಲ್ಲಲಿಲ್ಲ. ಅಂಗಡಿಯ ಬಂಡಿಗೆ ಹತ್ತಿರವಾದ ಕೆಳವರ್ಗದಲ್ಲಿ ಬಹಳ ಓಡಿತೆಂಬುದು ನಿಜ. ಆದರೆ ಕೀರ್ತಿಯನ್ನು ಕೊಳ್ಳುವ ಸಂಗ್ರಹಕಾರನಿಗೆ ಅದು ಸಾಲದು. ಇನ್ನು ಗೇರು ಪೆಟ್ಟಿಗೆ: ಎಂಟನೆಯದರಿಂದ ಕೆಲವು ಮಾದರಿಗಳಿಗೆ ಆರು ಗೇರುಗಳನ್ನು ಕೊಟ್ಟರು. ಹೆದ್ದಾರಿಗೆ ಅದು ಸುಖಕರ. ಒರಟು ಕೈಗೆ ಹಳೆಯ ಐದು ಗೇರಿನ ಪೆಟ್ಟಿಗೆಯೇ ಹೆಚ್ಚು ಗಟ್ಟಿಯೆಂಬುದು ಓಟಗಾರರ ಅನುಭವ.

ಮೈಯ ಪರೀಕ್ಷೆ

ಇಷ್ಟಾದ ಮೇಲೆ ಮುಖ್ಯವಾದ ಮಾತಿಗೆ ಬರೋಣ. ಅಡಿಕೆಯ ಕೊಳೆರೋಗವು ಕಣ್ಣಿಗೆ ಬೀಳುವಾಗ ಫಸಲು ಉದುರುತ್ತಿರುವಂತೆ, ಹಳೆಯ ಬಂಡಿಯ ತುಕ್ಕೂ ಒಳಗಿನಿಂದ ಹೊರಕ್ಕೆ ಬರುವಂಥದು. ಎಂಜಿನು ಕೆಟ್ಟರೆ ಬಿಚ್ಚಿ ಸರಿಪಡಿಸಬಹುದು. ಮೈ ಕೆಟ್ಟ ಬಂಡಿಯನ್ನು ಮೊದಲಿನಂತೆ ಮಾಡುವುದು ಬಹು ಕಷ್ಟ, ಬಹು ವೆಚ್ಚ. ಜಪಾನಿನಿಂದ ನೇರವಾಗಿ ಬಂದ ಬಂಡಿಗಳ ಅಡಿಭಾಗಕ್ಕೆ ತಕ್ಕ ರಕ್ಷಣೆಯ ಲೇಪವಿಲ್ಲದಿರುವುದು ಸಾಮಾನ್ಯ. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ದಾರಿಗೆ ಉಪ್ಪು ಚೆಲ್ಲುತ್ತಾರೆ. ಇವೆರಡೂ ಸೇರಿದರೆ ತುಕ್ಕಿಗೆ ಹಬ್ಬ.

ಕೊಳ್ಳುವವನು ನೋಡಬೇಕಾದುವು ಇವು. ಹಿಂಚಕ್ರಗಳ ಮೇಲಿನ ಕಮಾನುಗಳನ್ನು ಬೆರಳಿನಿಂದ ಒಳಗಡೆ ಸವರಿ ನೋಡಬೇಕು. ಬಾಗಿಲುಗಳ ಕೆಳಗಿನ ಹೊಸ್ತಿಲಿನ ತಗಡನ್ನು ಬಂಡಿಯನ್ನೆತ್ತಿ ಕೆಳಗಿನಿಂದ ನೋಡಬೇಕು. ಡಿಕ್ಕಿಯ ಚಾಪೆಯನ್ನೆತ್ತಿ ನೆಲವನ್ನೂ, ಸಸ್ಪೆನ್ಷನ್ನಿನ ಮೇಲ್ತುದಿಯು ಮೈಗೆ ಕೂಡುವ ಎಡೆಗಳನ್ನೂ ನೋಡಬೇಕು. ಹೊಸ ಬಣ್ಣವು ಒಂದೆಡೆಯಲ್ಲಿ ಮಾತ್ರ ಹೊಳೆಯುತ್ತಿದ್ದರೆ, ಏಕೆಂದು ಕೇಳಬೇಕು.

ಎಂಜಿನಿನಲ್ಲಿ ಹಲ್ಲುಪಟ್ಟಿಯ ಇತಿಹಾಸ ಮುಖ್ಯ. ಕವಾಟಗಳನ್ನು ನಡೆಸುವ ಪಟ್ಟಿಯ ಜೊತೆಯಲ್ಲಿ ಈ ಎಂಜಿನಿನೊಳಗೆ ಕಂಪನವನ್ನು ತಗ್ಗಿಸುವ ದಂಡಗಳಿಗೆ ಇನ್ನೊಂದು ಚಿಕ್ಕ ಪಟ್ಟಿಯುಂಟು. ಚಿಕ್ಕದು ಹರಿದು ದೊಡ್ಡದರಲ್ಲಿ ಸಿಕ್ಕಿಕೊಂಡರೆ ಕವಾಟಗಳು ಬಾಗಿ ಎಂಜಿನು ಹಾಳಾಗುವುದು. ಆದುದರಿಂದ ಎರಡನ್ನೂ ಒಟ್ಟಿಗೆ ಬದಲಿಸಿದ ರಶೀದಿಯನ್ನು ಕೇಳಿ ಪಡೆಯಬೇಕು. ಬಲ ಹಂಚುವ ಸಾಧನಕ್ಕೆ ಎಣ್ಣೆಯನ್ನೊತ್ತುವ ಪಂಪು ಕೆಡುವುದುಂಟು. ಇದು ದುಬಾರಿಯಾದ ಭಾಗ. ಸಾರಥಿಯ ಮುಂದಣ ಫಲಕದಲ್ಲಿ ಎಚ್ಚರಿಕೆಯ ದೀಪ ಬೀಗ ತಿರುಗಿಸಿದಾಗ ಹೊತ್ತಿ ಬಳಿಕ ಆರಬೇಕು. ಹೊತ್ತಲೇ ಇಲ್ಲವೆಂದರೆ ಯಾರೋ ದೀಪವನ್ನೇ ಕಿತ್ತಿರಬಹುದು.

ಕೊನೆಯದಾಗಿ ವೇಷಧಾರಿಗಳ ವಿಷಯ. ಬರಿಯ ಲ್ಯಾನ್ಸರಿಗೆ ಎವಲ್ಯೂಷನ್ನಿನ ಮುಖವಾಡವನ್ನೂ ಬೆನ್ನಿನ ರೆಕ್ಕೆಯನ್ನೂ ಹಾಕಿದುದನ್ನು ನಮ್ಮ ದಾರಿಗಳಲ್ಲಿಯೂ ಕಂಡಿದ್ದೇವೆ. ಎಂಜಿನಿನ ಹಿಂದಿನ ತಗಡುಗೋಡೆಯಲ್ಲಿ ಕೆತ್ತಿರುವ ಗುರುತು ಸುಳ್ಳು ಹೇಳುವುದಿಲ್ಲ. ಐದು ಮತ್ತು ಆರನೆಯದಕ್ಕೆ ಅದು ಸಿಪಿ9ಎ ಎಂದೂ, ಏಳರಿಂದ ಒಂಬತ್ತಕ್ಕೆ ಸಿಟಿ9ಎ ಎಂದೂ ಆರಂಭವಾಗುತ್ತದೆ. ಆ ಗುರುತೂ ಕಾಗದಪತ್ರಗಳೂ ಹೊಂದಬೇಕು.

ಇಂಗ್ಲೆಂಡಿನಲ್ಲಿ ಕೊಳ್ಳುವವನಿಗೆ ಒಂದು ಅನುಕೂಲವಿದೆ. ಮೂರು ವರ್ಷ ದಾಟಿದ ಬಂಡಿಗೆ ಅಲ್ಲಿ ವರ್ಷವರ್ಷವೂ ಸರಕಾರದ ನಿಯಮದಂತೆ ಪರೀಕ್ಷೆಯಾಗಬೇಕು. 2005ರಿಂದೀಚಿನ ಫಲಿತಾಂಶಗಳನ್ನು ನೋಂದಣಿ ಸಂಖ್ಯೆಯೊಂದರಿಂದಲೇ ಯಾರೂ ಬಿಟ್ಟಿಯಾಗಿ ನೋಡಬಹುದು. ಯಾವ ವರ್ಷ ಎಲ್ಲಿ ತುಕ್ಕು ಕಂಡಿತು, ಎಷ್ಟು ಮೈಲಿ ಓಡಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಮಾರುವವನ ಮಾತಿಗಿಂತ ಇದು ನಂಬಲರ್ಹ.

ಊರಿಗೆ ತರಬಹುದೇ?

ಅಳಿಯನ ಎರಡನೆಯ ಆಸೆಯು ಇಲ್ಲಿಯೇ ಮುಗ್ಗರಿಸಿತು. ಬಳಸಿದ ಬಂಡಿಯನ್ನು ಹೊರದೇಶದಿಂದ ಭಾರತಕ್ಕೆ ತರಬೇಕಾದರೆ ಅದು ತಯಾರಾಗಿ 3 ವರ್ಷಗಳನ್ನು ಮೀರಿರಬಾರದೆಂಬ ನಿಯಮವಿದೆ. ಹಳೆಯದರಲ್ಲಿ ವಿಂಟೇಜ್ ಎನ್ನಿಸಿಕೊಳ್ಳುವುದು 50 ವರ್ಷ ದಾಟಿದ ಬಂಡಿ. 1999ರ ಅಣ್ಣನಿಗೆ ಐವತ್ತು ತುಂಬುವುದು 2049ರಲ್ಲಿ, ತಮ್ಮನಿಗೆ 2056ರಲ್ಲಿ. ಇಲ್ಲಿಯ ಬರಿಯ ಲ್ಯಾನ್ಸರಿಗೆ ಎವಲ್ಯೂಷನ್ನಿನ ಎಂಜಿನನ್ನು ತಂದು ಕೂಡಿಸುವೆನೆಂದರೆ, 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು ತಯಾರಕರು ಮಾಡಿದ ರೂಪವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅಪಘಾತವಾದರೆ ವಿಮೆಯವರು ಕೈಬಿಟ್ಟಾರು.

ಅಮೆರಿಕದಲ್ಲಿರುವ ನಮ್ಮವರಿಗೆ ಲೆಕ್ಕ ಬೇರೆ. ಅಲ್ಲಿ 25 ವರ್ಷ ತುಂಬಿದ ಬಂಡಿಯನ್ನು ತರಲು ಅಡ್ಡಿ ಕಡಮೆ. ಎಂಟು ಮತ್ತು ಒಂಬತ್ತನೆಯವು ಅಲ್ಲಿ ಅಧಿಕೃತವಾಗಿಯೇ ಮಾರಾಟವಾಗಿದ್ದುವು, ಅಣ್ಣನು ಮಾರಾಟವಾಗಿರಲಿಲ್ಲ. 1999ರ ಬಂಡಿಗಳು 2024ರಲ್ಲಿ ಆ ಮಿತಿಯನ್ನು ದಾಟಿದುವು. ಹೊಸದಾಗಿ ಒಂದು ದೊಡ್ಡ ದೇಶದ ಕೊಳ್ಳುಗರು ಸಂತೆಗೆ ಬಂದರೆ ಬೆಲೆ ಏರುವುದು ಸಹಜ. ಆದರೆ ಏರಿದುದು ಏರುತ್ತಲೇ ಇರುವುದೆಂದು ನಂಬುವುದು ಎಷ್ಟು ಅಪಾಯವೆಂಬುದನ್ನು ವೆನಿಲ್ಲದ ಬಳ್ಳಿ ನೆಟ್ಟ ನಮ್ಮ ಕೃಷಿಕರಿಗೆ ಹೇಳಬೇಕಾಗಿಲ್ಲ.

ನಾವು ಹೇಳಿದ ಮಾತು

ಇವನ್ನೆಲ್ಲ ತೂಗಿ ನಾವು ಅಳಿಯನಿಗೆ ಹೀಗೆಂದೆವು: ಕೀರ್ತಿಯನ್ನು ಕಾಪಾಡುವುದಕ್ಕಾಗಿ, ವರ್ಷಕ್ಕೆ ಕೆಲವೇ ದಿನ ಹೊರತೆಗೆಯುವುದಕ್ಕಾಗಿ ಕೊಳ್ಳುವೆಯಾದರೆ ಅಣ್ಣನೇ ಮೇಲು. ಆದರೆ ಅವನ ಮೈ ಕೊಳೆಯದಿರಬೇಕು, ಕಾಗದಪತ್ರಗಳು ಪೂರ್ಣವಾಗಿರಬೇಕು, ಒಣಗಿದ ಕೊಟ್ಟಿಗೆ ನಿನ್ನಲ್ಲಿರಬೇಕು. ಒಂದೇ ಬಂಡಿಯನ್ನು ಇಟ್ಟುಕೊಂಡು, ಅದರಲ್ಲಿಯೇ ಸಂಸಾರವನ್ನು ಕೂರಿಸಿ ಓಡಿಸುವೆಯಾದರೆ ತಮ್ಮನೇ ಮೇಲು. ಎರಡರಲ್ಲಿ ಯಾವುದಕ್ಕೂ ಮನೆಯ ಮಾಡಿನ ಹಣವನ್ನು ತೊಡಗಿಸಬೇಡ; ಬೆಲೆಯೇರಿ ಲಾಭ ಬರುವುದೆಂಬ ಲೆಕ್ಕದ ಮೇಲೆ ಸಾಲವನ್ನಂತೂ ಮಾಡಲೇಬೇಡ.

ಅವನು ಇಂಗ್ಲೆಂಡಿಗೆ ಮರಳಿ ಎರಡು ಬಂಡಿಗಳನ್ನೂ ಮೇಲಕ್ಕೆತ್ತಿಸಿ ಚಿತ್ರಗಳನ್ನು ಕಳುಹಿಸಿದನು. ಅಣ್ಣನ ಎಡಗಡೆಯ ಹೊಸ್ತಿಲಿಗೆ ತಗಡಿನ ತೇಪೆ ಹಾಕಿ ಮೇಲೆ ಕಪ್ಪು ಲೇಪ ಬಳಿದಿದ್ದರು. ನಾಲ್ಕು ವರ್ಷಗಳ ಹಿಂದಿನ ಪರೀಕ್ಷೆಯಲ್ಲಿ ಅದೇ ಎಡೆಯ ತುಕ್ಕು ದಾಖಲಾಗಿತ್ತು. ಕೇಳಿದ ಬೆಲೆ ಮಾತ್ರ ತಮ್ಮನದಕ್ಕಿಂತ ಹೆಚ್ಚು. ತಮ್ಮನ ಅಡಿಭಾಗವು ಮಾಸಿದ್ದರೂ ಗಟ್ಟಿಯಾಗಿತ್ತು. ಹಲ್ಲುಪಟ್ಟಿಗಳೆರಡರ ರಶೀದಿಯೂ ಇತ್ತು. ಅವನು ತಮ್ಮನನ್ನೇ ಕೊಂಡನು. ಅಣ್ಣನಿಗೂ ತಮ್ಮನಿಗೂ ಇದ್ದ ಬೆಲೆಯ ಅಂತರವನ್ನು ತಾಯಿಗೆ ಕಳುಹಿಸಿದನು. ದೀಪಾವಳಿಯ ಹೊತ್ತಿಗೆ ಅಂಗಳದ ಕಡೆಯ ಮಾಡಿಗೆ ಹೊಸ ಹಂಚು ಬಂದಿತು.

ಉಳಿದುದು ಕೊಟ್ಟಿಗೆಯ ಲ್ಯಾನ್ಸರ್. ನಾವು ಟಾರ್ಪಾಲನ್ನೆತ್ತಿ ನೋಡಿದೆವು. ವರ್ಷಕ್ಕೆ 4000 ಮಿಲಿಮೀಟರನ್ನು ಮೀರುವ ಮಳೆಯ ನಾಡಿನಲ್ಲಿ ಟಾರ್ಪಾಲು ಹೊದಿಸುವುದೇ ತಪ್ಪೆಂದು ಆಗ ತಿಳಿಯಿತು. ಒಳಗೆ ಸಿಕ್ಕಿಕೊಂಡ ತೇವವು ಹೊರಗಿನ ಮಳೆಗಿಂತ ಕೆಟ್ಟದು. ಆದರೂ ಹೊಸ್ತಿಲುಗಳು ಗಟ್ಟಿಯಾಗಿದ್ದುವು. ಅಳಿಯನು ಪತ್ರ ಬರೆದು, “ಮಾವ, ಅಣ್ಣನ ಮೈ ನಮ್ಮ ಮನೆಯಲ್ಲಿಯೇ ಇದೆಯಲ್ಲವೇ? ಅಪ್ಪ 2015ರಲ್ಲಿ ಘಟ್ಟಕ್ಕೆ ಕಾಂಕ್ರೀಟು ಹಾಸುವ ಮೊದಲಿನ ಗುಂಡಿಗಳಲ್ಲಿ ಅದನ್ನು ಎಷ್ಟು ಸಲ ಹತ್ತಿಸಿಲ್ಲ! ಗುಜರಿಗೆ ಕೊಡಬೇಡಿ” ಎಂದನು.

ಅದರ ನೋಂದಣಿಯ ಮೊದಲ 15 ವರ್ಷಗಳು ಮುಗಿದು, ಬಳಿಕ 5 ವರ್ಷಕ್ಕೊಮ್ಮೆ ಮಾಡಿಸುವ ನವೀಕರಣವೂ 2024ರಲ್ಲಿ ತಪ್ಪಿಹೋಗಿತ್ತು. ಹೊಸ ಟಯರು, ಹೊಸ ಹಲ್ಲುಪಟ್ಟಿ, ಹೊಸ ಬ್ರೇಕು ಕೊಳವೆಗಳನ್ನು ಹಾಕಿಸಿ, ಪುತ್ತೂರಿನ ಸಾರಿಗೆ ಕಚೇರಿಗೆ ಲಾರಿಯ ಮೇಲೆ ಸಾಗಿಸಿ ಪರೀಕ್ಷೆ ಮಾಡಿಸಿದೆವು. ಕಾಗದ ಕೈಗೆ ಬಂದ ದಿನ ಹಿಂದಿರುಗುವಾಗ ಲಾರಿ ಬೇಕಾಗಲಿಲ್ಲ. ಗುಂಡ್ಯದ ಚಹದಂಗಡಿಯ ಮುಂದೆ ನಿಲ್ಲಿಸಿದಾಗ ಅಂಗಡಿಯವನು ಹೊರಬಂದು, ಬಂಡಿಯನ್ನು ಗುರುತಿಸಿ, ಅದರ ಹಳೆಯ ಯಜಮಾನರ ಹೆಸರನ್ನು ಹಿಡಿದು ಮಾತನಾಡಿಸಿದನು. ತಂಗಿಯು ಹಿಂದಿನ ಆಸನದಲ್ಲಿ ಕುಳಿತೇ ಚಹ ಕುಡಿದಳು. ಗುಜರಿಯ ಮಾತನ್ನು ಮತ್ತೆ ಎತ್ತಲಿಲ್ಲ.